ಯಾರದ್ದೂ ಅಲ್ಲದ ಸರ್ವರ್

ಆ ದೊಡ್ಡಾಸ್ಪತ್ರೆಯ ಕಂಪ್ಯೂಟರ್‌ಗಳ ಭದ್ರತೆ ಅವಳ ಹೊಣೆ. ಸರ್ವರ್‌ಗಳಲ್ಲೆಲ್ಲ ಇದ್ದದ್ದು ಮುಕ್ತ ತಂತ್ರಾಂಶದ ಆಪರೇಟಿಂಗ್ ಸಿಸ್ಟಮ್. ಅದರ ಒಳಗಿನ ಕೋಡನ್ನು ಯಾರು ಬೇಕಾದರೂ ಓದಬಹುದು. ಹುಳುಕು ಸಿಕ್ಕರೆ ಕಂಪ್ಯೂಟರಿಗೆ ಕನ್ನ ಹಾಕುವ ಕಳ್ಳರಿಗೂ ಗೊತ್ತಾಗುತ್ತದೆ, ಸರಿಪಡಿಸುವ ಅಪ್‌ಡೇಟೂ ಬೇಗ ಬರುತ್ತದೆ. ಅದನ್ನು ಹಾಕಲು ಮಾತ್ರ ಅವಳೇ ಮಾಡಿಟ್ಟ ಸಮಿತಿ ಒಪ್ಪಬೇಕಿತ್ತು.

ಒಂದು ಬೆಳಿಗ್ಗೆ ಭಾರಿ ಹುಳುಕಿನ ಸುದ್ದಿ ಬಂತು. ಎಲ್ಲ ಸರ್ವರ್‌ಗಳನ್ನೂ ತಪಾಸಣೆ ಮಾಡಿದಳು. ಪರದೆ ತುಂಬ ಕೆಂಪು; ಅಪ್‌ಡೇಟ್‌ಗಳೆಲ್ಲ ಸಮಿತಿಯ ಒಪ್ಪಿಗೆಗೆ ಕಾದಿದ್ದವು. ಅಪ್‌ಡೇಟ್ ಆಗಿ ಹಸಿರು ತೋರಿಸುತ್ತಿದ್ದದ್ದು ಒಂದೇ ಒಂದು, ಅದೂ ಅವಳು ಹೆಸರೇ ಕೇಳದ ಸರ್ವರ್.

ಅದು ಯಾರದ್ದೆಂದು ಕೇಳಲು ಲ್ಯಾಬಿಗೆ ಫೋನ್ ಮಾಡಿದಳು. “ನಮ್ದಲ್ಲ ಮೇಡಂ, ಎಕ್ಸ್‌ರೇಯವರದ್ದಿರ್ಬೇಕು.”

ಎಕ್ಸ್‌ರೇಯವರು, “ಅಯ್ಯೋ, ನಾವು ಲ್ಯಾಬಿನವರದ್ದು ಅಂದ್ಕೊಂಡಿದ್ವಿ” ಎಂದರು.

ಅವಳಿಗೆ ದಿಗಿಲಾಯಿತು. ಒಳಹೊಕ್ಕ ಕಳ್ಳ ಬೇರೆ ಕಳ್ಳರು ಬರದಿರಲೆಂದು ತಾನೇ ಹುಳುಕು ಮುಚ್ಚುವುದೂ ಉಂಟು. ಸರ್ವರ್ ಕೋಣೆಗೆ ಓಡಿ, ಮೂಲೆಯಲ್ಲಿ ಧೂಳು ಹೊದ್ದು ಗುಂಯ್‌ಗುಡುತ್ತಿದ್ದ ಆ ಸರ್ವರ್ ಪೆಟ್ಟಿಗೆಯ ಕೇಬಲ್ ಕಿತ್ತಳು. ಕೂಡಲೇ ತುರ್ತು ವಾರ್ಡಿನ ನರ್ಸ್ ಫೋನ್ ಮಾಡಿ, “ಖಾಲಿ ಹಾಸಿಗೆ ತೋರ್ಸೋ ಸ್ಕ್ರೀನ್ ಆಫ್ ಆಗೋಯ್ತು!” ಎಂದು ಕೂಗಿದಳು. ಇವಳು ಕೇಬಲ್ ಮತ್ತೆ ಸಿಕ್ಕಿಸಿದಳು.

ಅವಳಿಗಿಂತ ಮೊದಲು ಅದೇ ಕೆಲಸದಲ್ಲಿದ್ದವರು ಅವಳ ಚಿಕ್ಕಪ್ಪ. ಅವರಿಗೆ ಫೋನ್ ಹಚ್ಚಿದಳು.

“ಚಿಕ್ಕಪ್ಪ, ಹಾಸಿಗೆ ತೋರ್ಸೋ ಮಷೀನು ನೀವು ಹಾಕಿದ್ದಾ?”

“ನಾನಾ? ಇರ್ಬೋದು ಕಣೇ. ತಾನಾಗೇ ಅಪ್‌ಡೇಟ್ ಹಾಕ್ಕೊಳ್ಳೋ ಹಾಗೆ ಬಿಟ್ಟಿದ್ನೇನೋ. ಯಾಕೆ, ಕೆಟ್ಟೋಯ್ತಾ?”

“ಇಲ್ಲ, ಅದೊಂದೇ ಚೆನ್ನಾಗಿರೋದು.”

“ಮತ್ತೆ ಅಳೋ ಹಾಗೆ ಮಾತಾಡ್ತಿದ್ದೀಯಲ್ಲೇ!”

ಆ ಸರ್ವರಿನ ಒಳಗೆಲ್ಲ ಹುಡುಕಿ ನೋಡಿದಳು. ಕಳ್ಳನೂ ಇರಲಿಲ್ಲ, ಗಿಳ್ಳನೂ ಇರಲಿಲ್ಲ. ಅದು ತನ್ನ ಪಾಡಿಗೆ ತಾನು ಅಪ್‌ಡೇಟ್ ಆಗುತ್ತ ಬಂದಿತ್ತು.

ಆಸ್ಪತ್ರೆಯ ನಿರ್ದೇಶಕರು ಎಲ್ಲ ಕೇಳಿ ಹುಬ್ಬೇರಿಸಿದರು. “ಅಂದ್ರೆ, ನಿಮ್ ಕೈಗೆ ಸಿಗದೇ ಇದ್ದದ್ದೇ ಸೇಫಾ?”

“ಹಾಗಲ್ಲ ಸರ್…” ಎಂದಳು.

ಸಮಿತಿಗೆ ಕಾಯದೆ ಅಂದೇ ಅಪ್‌ಡೇಟ್ ಹಾಕಿಸತೊಡಗಿದಳು. ಕೆಂಪು ಒಂದೊಂದಾಗಿ ಹಸಿರಾಯಿತು, ಜೀವ ಬಂದಂತಾಯಿತು. ಅಷ್ಟರಲ್ಲಿ ಹೊಸ ಅಪ್‌ಡೇಟಿಗೆ ಹೊಂದದೆ ಲ್ಯಾಬಿನ ರಿಪೋರ್ಟುಗಳು ಪ್ರಿಂಟ್ ಆಗುವುದು ನಿಂತಿತು.

“ಯಾರನ್ನ ಕೇಳಿ ಹಾಕಿದ್ರಿ ಮೇಡಂ?” ಎಂದು ಲ್ಯಾಬಿನ ಮುಖ್ಯಸ್ಥ ರೇಗಿದ.

ಕೇಳುತ್ತ ಕೂತಿದ್ದರೆ ತಪ್ಪು, ಕೇಳದೆ ಹಾಕಿದರೂ ತಪ್ಪು. ಅವಳಿಗೆ ತಲೆಬುಡ ತಿಳಿಯಲಿಲ್ಲ. “ಬಂದೆ ಇರಿ, ಸರಿ ಮಾಡ್ಕೊಡ್ತೀನಿ” ಎಂದು ಲ್ಯಾಪ್‌ಟಾಪ್ ಕಂಕುಳಲ್ಲಿರಿಸಿಕೊಂಡು ಮೆಟ್ಟಿಲಿಳಿದಳು.