ತಂಗಿಯ ಹೆಸರಿಗೆ

ಗಂಡ ತೀರಿಕೊಂಡಾಗ ಚೂಡಾಮಣಿಗೆ ಇನ್ನೂ ಇಪ್ಪತ್ತನಾಲ್ಕು. ವೈಕುಂಠ ಸಮಾರಾಧನೆಯ ಮಾರನೆಯ ಬೆಳಿಗ್ಗೆಯೇ ಭಾವ ಅವಳ ಟ್ರಂಕನ್ನು ಆಟೋಗೆ ಏರಿಸಿ ತೌರಿಗೆ ಕಳಿಸಿಬಿಟ್ಟಿದ್ದರು. ಆಮೇಲೆ ಅವಳು ಟಿ.ಸಿ.ಎಚ್. ಮುಗಿಸಿದಳು, ನಿವೃತ್ತಿಯವರೆಗೂ ಶಾಲೆಯಲ್ಲಿ ಗಣಿತ ಕಲಿಸಿದಳು, ಚಾಮರಾಜಪೇಟೆಯ ಒಂದು ಅಡ್ಡರಸ್ತೆಯಲ್ಲಿ ಹಳೆಯ ಹೆಂಚಿನ ಮನೆ ಕೊಂಡು ತಾರಸಿ ಹಾಕಿಸಿದಳು. ಉದ್ದಕ್ಕೂ ಜೊತೆಗಿದ್ದವಳು ತಂಗಿ ಪ್ರಿಯಂವದಾ. ಹಾಸಿಗೆ ಹಿಡಿದ ಅಮ್ಮನನ್ನು ನೋಡಿಕೊಳ್ಳುವುದರಲ್ಲೇ ಅವಳ ವಯಸ್ಸು ಕಳೆದು, ಮದುವೆಯೂ ಆಗಲಿಲ್ಲ, ನೌಕರಿಯೂ ಸಿಗಲಿಲ್ಲ.

ಹೋದ ಮಾಘದಲ್ಲಿ ಆ ಭಾವನ ಮಗ ಮಧುಸೂದನ್ ತನ್ನ ಮಗನ ಮುಂಜಿಗೆ ಕರೆಯಲು ಬಂದ. ಚೂಡಾಮಣಿ ಅವನನ್ನು ಕಂಡದ್ದು ಅವನಿನ್ನೂ ತೊಟ್ಟಿಲಲ್ಲಿದ್ದಾಗ. ಕಾಫಿ ಕುಡಿದವನು ಯಾರನ್ನೂ ಕೇಳದೆ ಮೆಟ್ಟಿಲು ಹತ್ತಿ, ತಾರಸಿಯನ್ನೆಲ್ಲ ಸುತ್ತಿ ಇಳಿದು ಬಂದ.

“ಸೈಟು ಚೆನ್ನಾಗಿದೆ ಚಿಕ್ಕಮ್ಮ. ಮೂರು ಫ್ಲೋರ್ ಎತ್ತಬಹುದು.”

“ಯಾರಪ್ಪ ಎತ್ತೋದು?”

“ಈಗಲೇ ಅಂತಲ್ಲ. ಮುಂದೆ ಹೇಗಿದ್ರೂ ನಾವೇ ತಾನೇ ನೋಡ್ಕೋಬೇಕಾದೋರು?”

ಅವನು ಹೋದ ಮೇಲೂ ಆ ‘ಹೇಗಿದ್ರೂ’ ಅವಳನ್ನು ಕೊರೆಯುತ್ತಲೇ ಇತ್ತು. ವಾರ ಕಳೆಯುವುದರೊಳಗೆ ಬಸವನಗುಡಿಯಲ್ಲಿ ತೇಜಶ್ರೀ ಎಂಬ ವಕೀಲೆಯ ಆಫೀಸಿಗೆ ಹೋಗಿ ಕೇಳಿದಳು.

“ಅವರು ಹೇಳಿದ್ದು ಸುಳ್ಳಲ್ಲ ಮೇಡಂ,” ಅಂದಳು ತೇಜಶ್ರೀ. “ನಿಮಗೆ ಮಕ್ಕಳಿಲ್ಲ. ವಿಲ್ ಬರೆಯದೆ ಹೋದ್ರೆ ಮನೆ ನಿಮ್ಮ ಯಜಮಾನರ ಕಡೆಯೋರಿಗೆ ಹೋಗುತ್ತೆ. ನಿಮ್ಮ ತಂಗಿ ಸರದಿ ಅವರೆಲ್ಲ ಆದ್ಮೇಲೆ.”

“ನಾನು ದುಡಿದು ತಗೊಂಡಿದ್ದು ಕಣಮ್ಮ! ಆ ಮನೆಯ ಒಂದು ಚಮಚ ಕೂಡ ನನ್ನ ಹತ್ರ ಇಲ್ಲ.”

“ಕಾನೂನು ಹಾಗಿದೆ. ಆದ್ರೆ ಒಂದು ವಿಲ್ ಬರೆದಿಟ್ರೆ ಆಯ್ತು. ಛಾಪಾ ಕಾಗದ ಕೂಡ ಬೇಕಾಗಿಲ್ಲ. ನೀವು ಸೈನ್ ಹಾಕೋದನ್ನ ಇಬ್ಬರು ನೋಡ್ಬೇಕು, ನಿಮ್ಮೆದುರಿಗೇ ಅವರೂ ಸೈನ್ ಹಾಕ್ಬೇಕು. ಮನೆ ತಂಗಿಗೆ ಬರೋದ್ರಿಂದ ಅವರು ಸಾಕ್ಷಿ ಆಗೋದು ಬೇಡ, ಆಮೇಲೆ ತಕರಾರು. ಬೇರೆ ಇಬ್ಬರನ್ನ ಕರ್ಕೊಂಡು ಬನ್ನಿ.”

ಇಷ್ಟೇ ತಾನೇ ಎಂದುಕೊಂಡು ಚೂಡಾಮಣಿ ಮನೆಗೆ ಬಂದಳು. ಮೊದಲ ತೊಡಕು ಮನೆಯಲ್ಲೇ ಕಾದಿತ್ತು. ಪ್ರಿಯಂವದಾ ನಡುಮನೆಯಲ್ಲಿ ಅವರೆಕಾಯಿ ಬಿಡಿಸುತ್ತ ಕೂತಿದ್ದಳು.

“ಇಂಥ ಮಾತು ಯಾಕಕ್ಕ ಈಗ? ಏನಾಗಿದೆ ನಿಂಗೆ?”

“ಏನೂ ಆಗಿಲ್ಲ. ಆಗೋ ಮುಂಚೆ ಬರೆದಿಡ್ಬೇಕು ಅಂತಲೇ ಹೇಳ್ತಿರೋದು.”

“ನಂಗೇನೂ ಬೇಡ. ನೀನಿಲ್ಲದ ಮನೆ ಇಟ್ಕೊಂಡು ನಾನೇನು ಮಾಡ್ಲಿ?”

“ಬೀದೀಲಿ ನಿಂತ್ಕೊಂಡು ಏನ್ಮಾಡ್ತೀಯ, ಅದನ್ನ ಹೇಳು.”

ಪ್ರಿಯಂವದಾ ಮೊರ ಎತ್ತಿಕೊಂಡು ಒಳಗೆ ಹೋದಳು. ಆ ದಿನ ಸಾರಿಗೆ ಉಪ್ಪು ಹಾಕಲಿಲ್ಲ.

ಸಾಕ್ಷಿಗಳದ್ದು ಇನ್ನೊಂದು ಗೋಳು. ಪಕ್ಕದ ಮನೆಯ ಮಲ್ಲಿಕಾರ್ಜುನಯ್ಯ ಬಳೇಪೇಟೆಯಲ್ಲಿ ಬಳೆ ಅಂಗಡಿ ನಡೆಸಿ ಈಗ ಮಗನಿಗೆ ವಹಿಸಿಕೊಟ್ಟವರು. ಕೇಳಿದ ಕೂಡಲೇ ಒಪ್ಪಿದರು. ಆದರೆ ಓದದೆ ರುಜು ಹಾಕುವುದಿಲ್ಲ ಅಂದರು.

“ಓದೋದೇ ಬೇಕಾಗಿಲ್ಲ ಸ್ವಾಮಿ. ನಾನು ಸೈನ್ ಹಾಕಿದ್ದನ್ನ ನೀವು ನೋಡಿದ್ರಿ ಅಂತ, ಅಷ್ಟೇ.”

“ಅದು ಸರಿ ಟೀಚರೇ. ನಾಳೆ ಯಾರಾದ್ರೂ ಕೇಳಿದ್ರೆ ಓದ್ದೇ ಹಾಕ್ದೆ ಅನ್ನೋಕಾಗುತ್ತಾ? ನಲವತ್ತು ವರ್ಷ ವ್ಯಾಪಾರ ಮಾಡಿದೋನು ನಾನು.”

ಹಾಳಾಗಲಿ, ಓದಿಕೊಳ್ಳಲಿ ಎಂದು ಬಿಟ್ಟಳು. ಇನ್ನೊಬ್ಬರು ತ್ಯಾಗರಾಜನಗರದ ರಾಮಾನುಜ ಮೇಷ್ಟ್ರು, ಅವಳದೇ ಶಾಲೆಯಲ್ಲಿ ವಿಜ್ಞಾನ ಕಲಿಸಿದವರು. ಅಮಾವಾಸ್ಯೆ ಕಳೆಯಲಿ ಅಂದರು. ಕಳೆಯಿತು. ಇವತ್ತು ಮಂಗಳವಾರ, ಬೇಡ ಅಂದರು. ಬುಧವಾರ ಮಲ್ಲಿಕಾರ್ಜುನಯ್ಯ ಶಲ್ಯ ಹೊದ್ದು ಜಗಲಿಯ ಮೇಲೆ ಸಿದ್ಧರಾಗಿ ಕೂತರೆ, ರಾಹುಕಾಲ ಮುಗಿಸಿಕೊಂಡು ಹೊರಡುತ್ತೇನೆ ಎಂದು ಮೇಷ್ಟ್ರು ಫೋನ್ ಮಾಡಿದರು. ಅವರು ಬಂದು ತಲುಪುವ ಹೊತ್ತಿಗೆ ತೇಜಶ್ರೀ ಕೋರ್ಟಿಗೆ ಹೋಗಿಯಾಗಿತ್ತು.

“ಮೇಷ್ಟ್ರೇ, ನಾನೇನು ಮದುವೆ ಮಾಡ್ತಿದೀನಾ ಮುಹೂರ್ತ ನೋಡೋಕೆ?” ಚೂಡಾಮಣಿಗೆ ತಲೆ ಚಚ್ಚಿಕೊಳ್ಳುವಂತಾಯಿತು. “ಸೈನ್ಸ್ ಪಾಠ ಮಾಡಿದೋರು ನೀವು!”

“ಪಾಠ ಬೇರೆ ಚೂಡಾಮಣಿಯವರೇ, ಪಂಚಾಂಗ ಬೇರೆ,” ಅಂದರು ಮೇಷ್ಟ್ರು, ಕಿಂಚಿತ್ತೂ ಸಂಕೋಚವಿಲ್ಲದೆ.

ಅಂತೂ ಅದರ ಮುಂದಿನ ಗುರುವಾರ ಎಲ್ಲರೂ ತೇಜಶ್ರೀಯ ಆಫೀಸಿನಲ್ಲಿ ಸೇರಿದರು. ಬರುವುದಿಲ್ಲ ಅಂದಿದ್ದ ಪ್ರಿಯಂವದಾ ಕೊನೆ ಗಳಿಗೆಯಲ್ಲಿ ಚಪ್ಪಲಿ ಮೆಟ್ಟಿಕೊಂಡು ಆಟೋ ಹತ್ತಿದಳು. ಆದರೆ ಒಳಗೆ ಬರದೆ ಗಂಡಸರ ಜೊತೆ ಹೊರಗಿನ ಬೆಂಚಿನಲ್ಲೇ ಕೂತಳು. ತೇಜಶ್ರೀ ಕರಡನ್ನು ಓದಿ ಹೇಳಿ, ಪೆನ್ನು ಕೆಳಗಿಟ್ಟಳು.

“ಇನ್ನೊಂದು ವಿಷಯ ಇದೆ ಮೇಡಂ. ನಿಮ್ಮ ತಂಗಿ ನಿಮಗಿಂತ ಮುಂಚೆ ತೀರ್ಕೊಂಡ್ರೆ ಮನೆ ಯಾರಿಗೆ?”

“ಬಿಡ್ತು ಅನ್ನಮ್ಮ!” ಚೂಡಾಮಣಿ ಮೇಜು ಕುಟ್ಟಿದಳು. “ಎಂಥ ಮಾತು ಅಂತ ಆಡ್ತೀಯ? ಅವಳು ನನಗಿಂತ ಆರು ವರ್ಷಕ್ಕೆ ಚಿಕ್ಕೋಳು.”

“ಕೇಳಲೇಬೇಕು. ಹಾಗೇನಾದ್ರೂ ಆಗಿ, ಆಮೇಲೆ ಯಾರಿಗೆ ಅನ್ನೋ ಸಾಲು ಇದರಲ್ಲಿ ಇಲ್ಲ ಅಂದ್ರೆ, ಮನೆ ಮತ್ತೆ ಆ ಕಡೆಯೋರಿಗೇ ಹೋಗುತ್ತೆ.”

ತನ್ನ ಸಾವನ್ನು ಚೂಡಾಮಣಿ ಇಷ್ಟು ದಿನ ಒಂದು ಲೆಕ್ಕದ ಹಾಗೆ ಬಿಡಿಸುತ್ತಿದ್ದಳು. ಈಗ ಕಣ್ಣ ಮುಂದೆ ಬಂದದ್ದು ಬೆಳಗ್ಗೆ ಎದ್ದರೆ ಒಲೆ ಹಚ್ಚಿರದ ಅಡುಗೆಮನೆ. ಗಾಜಿನಾಚೆ ಪ್ರಿಯಂವದಾ ನೀರಿನ ಬಾಟಲಿ, ಕೊಡೆ ಎರಡನ್ನೂ ಮಡಿಲಲ್ಲಿಟ್ಟುಕೊಂಡು, ಯಾರನ್ನೂ ನೋಡದೆ ಕೂತಿದ್ದಳು. ಇಂಥದೇ ಮಾತನ್ನು ತಾನು ದಿನ ಬೆಳಗಾದರೆ ಇವಳ ಮುಂದೆ ಆಡುತ್ತಿದ್ದೆನಲ್ಲ, ಸಾಲದ್ದಕ್ಕೆ ಇವಳ ಮೇಲೇ ರೇಗುತ್ತಿದ್ದೆನಲ್ಲ ಅನ್ನಿಸಿತು.

ಎದ್ದು ಹೋಗಿ ಬಾಗಿಲು ತೆರೆದಳು. “ಪ್ರಿಯಾ, ಒಳಗೆ ಬಾ. ನಂಗೊಬ್ಬಳಿಗೇ ಇದು ಆಗಲ್ಲ.”

ತಂಗಿ ಬಂದು ಪಕ್ಕದಲ್ಲಿ ಕೂತಳು. ವಿಷಯ ಕೇಳಿ ಅಳುತ್ತಾಳೆ ಅಂದುಕೊಂಡರೆ ಅಳಲಿಲ್ಲ, ಯೋಚಿಸಲೂ ಇಲ್ಲ.

“ನಾವಿಬ್ಬರೂ ಹೋದ ಮೇಲೆ ಪ್ರತಿಭಾಗೆ,” ಅಂದಳು.

ಪ್ರತಿಭಾ ಹಿಂದಿನ ಬೀದಿಯ ಹುಡುಗಿ. ಅಮ್ಮ ಮಲಗಿದಲ್ಲೇ ಇದ್ದ ಕಾಲದಲ್ಲಿ ಕಾಲೇಜಿಗೆ ಹೋಗುವ ಮುಂಚೆ ಬಂದು, ಪ್ರಿಯಂವದಾ ಜೊತೆ ಸೇರಿ ಅಮ್ಮನನ್ನು ಎತ್ತಿ ಸ್ನಾನ ಮಾಡಿಸಿ ಹೋಗುತ್ತಿದ್ದಳು.

“ಅವಳು ನಮಗೇನಾಗ್ಬೇಕೇ?”

“ಮಧುಸೂದನ್ ಏನಾಗ್ಬೇಕು?”

ಚೂಡಾಮಣಿ ತೇಜಶ್ರೀಯ ಕಡೆ ತಿರುಗಿ, “ಬರ್ಕೊಳಮ್ಮ,” ಅಂದಳು.

ಹೊಸ ಪ್ರತಿ ಸಿದ್ಧವಾದ ಮೇಲೆ ಪ್ರಿಯಂವದಾ ಹೊರಗೆ ಹೋದಳು, ಗಂಡಸರಿಬ್ಬರು ಒಳಗೆ ಬಂದರು. ಮಲ್ಲಿಕಾರ್ಜುನಯ್ಯ ಸಾಲು ಸಾಲಿಗೂ ಬೆರಳಿಟ್ಟು ಗಟ್ಟಿಯಾಗಿ ಓದಿದರು. ತಮ್ಮ ತಂದೆಯ ಹೆಸರಿನಲ್ಲಿ ಒಂದು ಒತ್ತಕ್ಷರ ತಪ್ಪಿದೆ ಎಂದು ಆ ಪುಟವನ್ನು ಮತ್ತೆ ಅಚ್ಚು ಹಾಕಿಸಿದರು. ಮೇಷ್ಟ್ರು ಗಡಿಯಾರ ನೋಡಿ, ಹೂಂ, ಈಗ ಹಾಕಬಹುದು ಅಂದರು. ಚೂಡಾಮಣಿ ಹಲ್ಲು ಕಚ್ಚಿಕೊಂಡು ಅವರಿಬ್ಬರ ಎದುರಿಗೆ ಪುಟಪುಟಕ್ಕೂ ಸಹಿ ಹಾಕಿದಳು. ಅವಳ ಎದುರಿಗೆ ಅವರಿಬ್ಬರೂ ಹಾಕಿದರು. ರಿಜಿಸ್ಟರ್ ಮಾಡಿಸಲೇಬೇಕೆಂದಿಲ್ಲ, ಮಾಡಿಸಿದರೆ ಒಳ್ಳೆಯದು ಎಂದು ತೇಜಶ್ರೀ ಹೇಳಿದ್ದಳು. ಅದೂ ಯುಗಾದಿಗೆ ಮುಂಚೆ ಮುಗಿಯಿತು.

ಹಬ್ಬ ಕಳೆದ ವಾರ ಚೂಡಾಮಣಿ ಪೇಪರ್ ಓದುತ್ತಿದ್ದಾಗ ಪ್ರಿಯಂವದಾ ಬಂದು ಎದುರಿಗೆ ನಿಂತಳು.

“ಬಚ್ಚಲುಮನೆ ಪೈಪು ಸೋರ್ತಿದೆ. ನಾಳೆ ಪ್ಲಂಬರ್‌ಗೆ ಬರೋಕೆ ಹೇಳಿದೀನಿ. ಅಡುಗೆಮನೆಗೆ ಸುಣ್ಣ ಬಣ್ಣನೂ ಆಗ್ಬೇಕು. ಆ ಹಸಿರು ನಂಗೆ ಯಾವತ್ತೂ ಇಷ್ಟ ಇರ್ಲಿಲ್ಲ.”

“ನನ್ನನ್ನ ಒಂದು ಮಾತು ಕೇಳ್ಬೇಡ್ವಾ? ನಾನಿನ್ನೂ ಇದೀನಿ ಕಣೇ!”

“ಇದೀಯ ಅಂತಲೇ ಮಾಡಿಸ್ತಿರೋದು. ಇಷ್ಟು ವರ್ಷ ಸೋರೋ ಮನೇಲಿ ಇದ್ದಿದ್ದು ಸಾಕು.”

ಚೂಡಾಮಣಿ ಗೊಣಗುತ್ತ ಪೇಪರ್ ಮಡಿಸಿದಳು. ಪ್ಲಂಬರ್ ಎಷ್ಟು ಹೊತ್ತಿಗೆ ಬರುತ್ತಾನೆ ಎಂದು ಕೇಳಿದಳು.