ಅಕ್ಕನ ಹೆಸರಿನ ಕಡ್ಡಿ

ಹೊಲಿಗೆ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಸೂಪರ್‌ವೈಸರಕ್ಕ ಎನ್ನುತ್ತಿದ್ದರು. ಅವಳು ಗಂಟಲು ಸರಿಮಾಡಿಕೊಂಡರೆ ಸಾಕು, ಕಾಲರ್ ಹೊಲಿಯುವ ಸಾಲಿನ ಹೆಂಗಸರು ಹರಟೆ ನುಂಗಿಕೊಂಡು ಮಷಿನ್ ತುಳಿಯುತ್ತಿದ್ದರು. ಗರ್ಭಕೋಶದ ಬಾಯಿಗೆ ಕ್ಯಾನ್ಸರ್ ತರುವ ವೈರಸ್ ಪತ್ತೆಮಾಡಲು ಆಸ್ಪತ್ರೆಯವರು ಹತ್ತಿ ಸುತ್ತಿದ ಕಡ್ಡಿಗಳನ್ನು ತಂದಾಗಲೂ, "ಒಳಗೆ ತಿರುಗಿಸಿ ತಂದುಕೊಡೋಕೆ ಇಷ್ಟೊಂದು ವಯ್ಯಾರಾನಾ?" ಎಂದು ಎಲ್ಲರನ್ನೂ ಶೌಚಾಲಯಕ್ಕೆ ಅಟ್ಟಿದವಳು ಅವಳೇ.

ತನ್ನ ಸರದಿ ಬಂದಾಗ ಮಾತ್ರ ಹಿಂಜರಿದಳು. ಕೆಲವು ತಿಂಗಳಿಂದ ಮುಟ್ಟಿಲ್ಲದ ದಿನಗಳಲ್ಲೂ ರಕ್ತ ಕಾಣಿಸುತ್ತಿತ್ತು. ವಯಸ್ಸಿನ ಆಟ ಎಂದುಕೊಂಡು, ಗಂಡನಿಗೂ ಹೇಳದೆ ಬಟ್ಟೆ ಒಗೆದು ಹಾಕುತ್ತಿದ್ದಳು. ಕಡ್ಡಿ ನಿಜ ಹೇಳಿಬಿಟ್ಟರೆ? ಅದೇ ಸಾಲಿನಲ್ಲಿ ಹೊಲಿಯುವ ತಂಗಿಯನ್ನು ಮೂಲೆಗೆ ಕರೆದು ತನ್ನ ಹೆಸರಿನ ಕಡ್ಡಿಯನ್ನೂ ಅವಳ ಕೈಗೆ ತುರುಕಿದಳು.

"ನಿನ್ನದರ ಜೊತೆ ಇದನ್ನೂ ಮುಗಿಸ್ಕೊಂಡು ಬಾ. ಯಾಕೆ, ಏನು ಅಂತ ಕೇಳ್ಬೇಡ."

ತಂಗಿ ಚಿಕ್ಕಂದಿನಿಂದಲೂ ಅಕ್ಕನ ಮಾತು ಮೀರಿದವಳಲ್ಲ.

ಮುಂದಿನ ತಿಂಗಳು ಇಬ್ಬರ ಫೋನಿಗೂ ಒಂದೇ ಸಂದೇಶ ಬಂತು. ವೈರಸ್ ಕಂಡಿದೆ, ಆಸ್ಪತ್ರೆಗೆ ಬನ್ನಿ.

ತಂಗಿಯ ಮುಖ ಬಿಳಿಚಿಕೊಂಡಿತು. "ಎರಡೂ ನಂದೇ ಅಲ್ವೇನಕ್ಕ? ನಾನು ಸತ್ತೋಗ್ತೀನಾ?"

ಅಕ್ಕನಿಗೆ ದಿಗಿಲಾಯಿತು. ಆ ದಿಗಿಲಿನ ಅಡಿಯಲ್ಲೇ, ಸದ್ಯ ನನ್ನದಲ್ಲವಲ್ಲ ಎಂಬ ಸಮಾಧಾನವೂ ಇತ್ತು. ಅದು ತಿಳಿದಾಗ ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು.

ಆಸ್ಪತ್ರೆಯ ಬಾಗಿಲಲ್ಲಿ ತಂಗಿ ಕಾಲೂರಿ ನಿಂತುಬಿಟ್ಟಳು. "ನೀನೂ ತೋರಿಸ್ಕೊಂಡ್ರೆ ಮಾತ್ರ ನಾನು ಒಳಗೆ ಬರ್ತೀನಿ."

ಹುಟ್ಟಿದಾಗಿನಿಂದ ಅವಳು ಅಕ್ಕನಿಗೆ ಹಾಕಿದ ಮೊದಲ ಷರತ್ತು ಅದು. ಗದರಿಸಿದರೂ ಜಗ್ಗಲಿಲ್ಲ. ಅಕ್ಕ ಬೇರೆ ದಾರಿ ಕಾಣದೆ ಕಡ್ಡಿಯ ಕಥೆಯನ್ನು ಡಾಕ್ಟರಮ್ಮನಿಗೆ ಹೇಳಿದಳು. ತಡವರಿಸುತ್ತಾ ರಕ್ತದ ವಿಷಯವನ್ನೂ ಹೇಳಿದಳು.

ಡಾಕ್ಟರಮ್ಮ ಬೈಯಲಿಲ್ಲ. ಮೊದಲು ತಂಗಿಯನ್ನು ಮಲಗಿಸಿ, ದ್ರಾವಣ ಹಚ್ಚಿ, ದೀಪ ಹಿಡಿದು ನೋಡಿದರು. "ವೈರಸ್ ಇದೆ, ಆದ್ರೆ ಅದು ಇನ್ನೂ ಏನನ್ನೂ ಕೆಡಿಸಿಲ್ಲ. ಎಷ್ಟೋ ಜನರಿಗೆ ಬಂದು ತನ್ನ ಪಾಡಿಗೆ ಹೋಗುತ್ತೆ. ಒಂದು ವರ್ಷ ಬಿಟ್ಟು ಮತ್ತೆ ಬಾಮ್ಮ."

ಆಮೇಲೆ ಅಕ್ಕ ಮಲಗಿದಳು. ಡಾಕ್ಟರಮ್ಮ ದೀಪವನ್ನು ಇನ್ನಷ್ಟು ಹತ್ತಿರ ಎಳೆದುಕೊಂಡರು.

"ದ್ರಾವಣ ಹಚ್ಚಿದ್ಮೇಲೆ ಇಲ್ಲಿ ಬೆಳ್ಳಗೆ ಕಾಣ್ತಿದೆ, ಕೆಟ್ಟಿರೋದರ ಗುರುತು ಇರಬಹುದು. ಕೆಲವರಲ್ಲಿ ಈ ವೈರಸ್ ಹೋಗದೆ ವರ್ಷಗಟ್ಟಲೆ ಕೂತು ಜೀವಕೋಶಗಳನ್ನ ಕೆಡಿಸುತ್ತೆ. ಮೇಲುಮೇಲೆ ಇದ್ರೆ ಅಷ್ಟನ್ನೇ ತೆಗೆದುಬಿಡಬಹುದು. ಆಳಕ್ಕೆ ಇಳಿದಿದೆಯಾ ಅಂತ ಒಂದು ಚೂರು ತೆಗೆದು ಪರೀಕ್ಷೆ ಮಾಡ್ಬೇಕು."

ಇಳಿದಿದ್ದರೆ ಎಂದು ಕೇಳದೆ ಅವಳು ಸೀರೆ ಸರಿಪಡಿಸಿಕೊಂಡಳು.

ಹೊರಗೆ ಬಂದು ತಂಗಿಯ ಪಕ್ಕ ಬೆಂಚಿನ ಮೇಲೆ ಕುಸಿದಳು. ಆಗ ಹೊಳೆಯಿತು. ತಂಗಿಗೆ ವೈರಸ್ ಇಲ್ಲದೇ ಹೋಗಿದ್ದರೆ ತನ್ನ ಫೋನಿಗೂ ಏನೂ ಇಲ್ಲ ಎಂದೇ ಬರುತ್ತಿತ್ತು. ಅದನ್ನೇ ಇಡೀ ಸಾಲಿಗೆ ತೋರಿಸಿಕೊಂಡು ಮೆರೆಯುತ್ತಿದ್ದಳು. ಒಳಗಿನದು ಸದ್ದಿಲ್ಲದೆ ಬೆಳೆಯುತ್ತಿತ್ತು.

"ಏನಂದ್ರಕ್ಕ?"

"ನೀನು ಚೆನ್ನಾಗಿದ್ದಿದ್ರೆ ನಾನು ಇಲ್ಲಿಗೆ ಬರ್ತಾನೇ ಇರ್ಲಿಲ್ಲ ಕಣೇ."

ತಂಗಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಅವಳು ಅಕ್ಕನ ಕೈ ಹಿಡಿದುಕೊಂಡಳು.

"ನಂಗೆ ತುಂಬಾ ಹೆದ್ರಿಕೆ ಆಗ್ತಿದೆ," ಎಂದಳು ಸೂಪರ್‌ವೈಸರಕ್ಕ. "ಕೈ ಬಿಡ್ಬೇಡ."