ಮೆಟ್ಟುವ ಪೆಟ್ಟಿಗೆ

ಗುರುವಾಯನಕೆರೆಯಲ್ಲಿ ಅಬ್ದುಲ್ ಸಮದನ ರೇಡಿಯೊ ರಿಪೇರಿ ಅಂಗಡಿಯೊಳಗೆ ಇಬ್ಬರು ಕೂತರೆ ಮೂರನೆಯವರು ಬಾಗಿಲಲ್ಲೇ ನಿಲ್ಲಬೇಕು. ವಾರಿಜ ಬಾಗಿಲಲ್ಲಿ ನಿಂತಿದ್ದಳು. ಅವಳಿಗೆ ಅದೇ ಹಿತ. ಒಳಗೆ ಸ್ಟೂಲಿನ ಮೇಲೆ ಅವಳ ಅಪ್ಪ ಡೊಂಬಯ್ಯ ತೊಡೆಯ ಮೇಲೆ ಬುಲ್‌ಬುಲ್ ವಾದ್ಯ ಇಟ್ಟುಕೊಂಡು ಕೂತಿದ್ದರು.

ಡೊಂಬಯ್ಯ ಸಂತೆಗಳಲ್ಲಿ, ಬಸ್‌ಸ್ಟೇಂಡುಗಳಲ್ಲಿ ಹಾಡುವವರು. ಎಡಗೈಯ ಬೆರಳುಗಳು ಟೈಪ್ ಮೆಷಿನ್ನಿನಂಥ ಗುಂಡಿಗಳ ಮೇಲೆ, ಬಲಗೈ ತಂತಿಯ ಮೇಲೆ, ಬಾಯಲ್ಲಿ ತಾವೇ ಕಟ್ಟಿದ ಪದ. ಕಕ್ಕಿಂಜೆಯಿಂದ ಮೂಡಬಿದ್ರೆಯವರೆಗೆ ಅವರ ಹಾಡು ಕೇಳುತ್ತ ನಿಂತು ಬಸ್ಸು ತಪ್ಪಿಸಿಕೊಂಡವರಿದ್ದರು. ಆದರೆ ಕಳೆದ ಮಳೆಗಾಲದ ಕೆಮ್ಮು ಆ ದನಿಯ ತಳವನ್ನೇ ತಿಂದುಬಿಟ್ಟಿತ್ತು. ಸಾಲದ್ದಕ್ಕೆ ಪೇಟೆಪೇಟೆಗೂ ಕ್ಯಾಸೆಟ್ ಅಂಗಡಿ ಬಂದಿತ್ತು. ಅಲ್ಲಿಯ ಹಾಡು ಗುಡ್ಡೆಗೆ ಬಡಿದು ಬಂದ ಹಾಗೆ ಮೊಳಗುವಾಗ ಡೊಂಬಯ್ಯನ ಎದುರು ಯಾರು ನಿಲ್ಲುತ್ತಾರೆ? ತನಗೂ ಹಾಗೆ ದನಿ ಮೊಳಗಿಸುವ ಒಂದು ಎಕೋ ಯಂತ್ರ ಬೇಕು, ಅದರಿಂದಲೂ ಜನ ನಿಲ್ಲದಿದ್ದರೆ ಬುಲ್‌ಬುಲ್ಲನ್ನು ಅಟ್ಟಕ್ಕೆ ಹಾಕುವುದೇ ಎಂದು ಅವರು ಮನೆಯಲ್ಲಿ ಹೇಳಿಯಾಗಿತ್ತು.

ಮೇಜಿನ ಮೇಲೆ ಸೂಟ್‌ಕೇಸಿನಷ್ಟು ದೊಡ್ಡ ಯಂತ್ರವೊಂದಿತ್ತು. ಡೊಂಬಯ್ಯ ಅದನ್ನೇ ಆಸೆಯಿಂದ ನೋಡಿದರು.

"ಅದು ಬೇಡ ಡೊಂಬಯ್ಯಣ್ಣ, ಅದು ರಿಪೇರಿಗೆ ಬಂದದ್ದು" ಎಂದ ಸಮದ್. "ಕೊಟ್ಟರೂ ನಿಮಗಾಗ್ಲಿಕ್ಕಿಲ್ಲ. ಕರೆಂಟು ಬೇಕು, ಹೊರ್ಲಿಕ್ಕೆ ಇಬ್ಬರು ಬೇಕು."

"ಹಾಗಾದ್ರೆ ಅದು ಮದುವೆ ಮನೆಗೇ ಹೋಗ್ಲಿ. ನಮ್ಮದು ಬಸ್ಸಿನ ಸೀಟಿನಡಿ ಕೂರುವಂಥದ್ದು ತೋರಿಸಿ."

ಅಂಥವು ಎರಡಿದ್ದವು. ಒಂದು ಸಮದ್ ತಾನೇ ಬಿಸ್ಕೇಟಿನ ಡಬ್ಬಿಯೊಳಗೆ ಕೂರಿಸಿ ಮಾಡಿದ್ದು. ಒಮ್ಮೆ ತಿರುಪಿ ಬಿಟ್ಟರೆ ದನಿಯನ್ನು ಒಂದೇ ಸಮನೆ ಅಲುಗಿಸುತ್ತಿತ್ತು. ಇನ್ನೊಂದು ಅವನ ತಮ್ಮ ದುಬಾಯಿಯಿಂದ ತಂದ ಹಳದಿ ಕಬ್ಬಿಣದ ಪೆಟ್ಟಿಗೆ, ಅಂಗೈಯಗಲದ್ದು. ಅದರ ಒಂದು ತಿರುಪು ಮುರಿದಿದ್ದರಿಂದ ಡೊಂಬಯ್ಯನ ಕೈಗೆ ಎಟಕುವ ಬೆಲೆಗೆ ಇಳಿದಿತ್ತು.

ಡೊಂಬಯ್ಯ ಮೈಕು ಹಿಡಿದು ಎರಡರಲ್ಲೂ ಹಾಡಿ ನೋಡಿದರು. ಕೆಮ್ಮು ಬಂದ ಮೇಲೆ ಅವರ ಕಿವಿಯೂ ಮಂದವಾಗಿತ್ತು. "ನನ್ನ ಕಿವಿ ಈಗ ಅಲ್ಲಿ ನಿಂತಿದೆ" ಎಂದು ಬಾಗಿಲ ಕಡೆ ಗದ್ದ ತೋರಿಸಿದರು.

ವಾರಿಜಳಿಗೆ ಆಗಲೇ ಗೊತ್ತಾಗಿತ್ತು. ಡಬ್ಬಿಯೊಳಗೆ ಅಪ್ಪನ ನಡುಗುವ ದನಿ ಇನ್ನಷ್ಟು ನಡುಗುತ್ತಿತ್ತು. ಹಳದಿ ಪೆಟ್ಟಿಗೆಯದ್ದು ಬೇರೆಯೇ. ಸಾಲಿನ ಕೊನೆಯಲ್ಲಿ ಒತ್ತಿದರೆ ಕೊನೆಯ ಶಬ್ದ ಎರಡು ಮೂರು ಸಲ ಮೆಲ್ಲಗೆ ತಿರುಗಿ ಬರುತ್ತಿತ್ತು, ಅಷ್ಟರೊಳಗೆ ಅಪ್ಪನಿಗೆ ಉಸಿರು ಎಳೆದುಕೊಳ್ಳಲು ಪುರುಸೊತ್ತು ಸಿಗುತ್ತಿತ್ತು. ಮುಂದಿನ ಸಾಲಿಗೆ ಮತ್ತೆ ಒತ್ತಿ ನಿಲ್ಲಿಸಬೇಕು. ಇಲ್ಲದಿದ್ದರೆ ಶಬ್ದದ ಮೇಲೆ ಶಬ್ದ ಬಿದ್ದು ಕಲಸುಮೇಲೋಗರ.

"ನನಗೆ ಎರಡು ಕೈಗೂ ಕೆಲಸ ಉಂಟು. ಇದನ್ನು ಒತ್ತುವುದು ಯಾವುದರಲ್ಲಿ?"

"ಕಾಲಿನಲ್ಲಿ. ಮೆಟ್ಟಲಿಕ್ಕೇ ಮಾಡಿದ್ದು ಇದು."

ಡೊಂಬಯ್ಯ ಕೂತಲ್ಲೇ ಹಿಂದೆ ಸರಿದರು. "ವಾದ್ಯವನ್ನು ಮೆಟ್ಟುವುದಾ?"

"ವಾದ್ಯ ಅಲ್ಲ ಮಾರಾಯ್ರೆ, ಸ್ವಿಚ್ಚು!"

"ನನ್ನ ಸ್ವರ ಇದರ ಹೊಟ್ಟೆಯೊಳಗಿಂದ ಹೋಗ್ತದಾ ಇಲ್ವಾ? ಹಾಗಾದ್ರೆ ಇದೂ ವಾದ್ಯವೇ. ತಿಳಿಯದೆ ಬುಲ್‌ಬುಲ್ಲಿಗೆ ಕಾಲು ತಾಗಿದ್ರೂ ಮುಟ್ಟಿ ನಮಸ್ಕಾರ ಮಾಡುವವ ನಾನು." ಸ್ವಲ್ಪ ಯೋಚಿಸಿ ಅವರ ಮುಖ ಅರಳಿತು. "ಅದಕ್ಕೆಂತ, ವಾರಿಜ ಇದ್ದಾಳಲ್ಲ! ಪಕ್ಕದಲ್ಲಿ ಕೂತು ಕೈಯಲ್ಲಿ ಒತ್ತಲಿ. ಎಂತ ಮಗಾ? ಯಾವುದು ಒಳ್ಳೇದು?"

ಮೈಕು, ಬ್ಯಾಟರಿಯ ಚೀಲ ಹೊರಲಾಗದ ಅಪ್ಪನ ಜೊತೆಗೆ ವಾರಿಜ ಹೋಗುತ್ತಿದ್ದಳು ನಿಜ. ವಯರು ಜೋಡಿಸಿ ಕೊಟ್ಟು ದೂರದ ಅಂಗಡಿಯ ಮಾಡಿನಡಿ, ಬಸ್ಸಿಗೆ ಕಾಯುವವಳ ಹಾಗೆ ನಿಲ್ಲುವುದು ಅವಳ ಕ್ರಮ. ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟು ಬೀಡಿ ಸುರುಟಲು ಕೂತವಳು ಅವಳು. ಜೊತೆಗೆ ಓದಿದವರು ಈಗ ಮೂಡಬಿದ್ರೆಯ ಕಾಲೇಜಿಗೆ ಹೋಗುತ್ತಿದ್ದರು. ಅವರು ಇಳಿಯುವ ಜಾಗದಲ್ಲೇ, ಗೋಣಿಯ ಮೇಲೆ, ಚಿಲ್ಲರೆ ಬೀಳುವ ಬಟ್ಟೆಯ ಪಕ್ಕ ತಾನು ಕುಕ್ಕರುಗಾಲಲ್ಲಿ ಕೂತದ್ದು ಅವಳ ಕಣ್ಣಿಗೆ ಕಟ್ಟಿತು. ಕಿವಿ ಬಿಸಿಯಾಯಿತು.

"ಡಬ್ಬಿಯದ್ದೇ ಒಳ್ಳೇದು" ಎಂದಳು.

ಸಮದ್ ತಲೆ ಎತ್ತಿ ನೋಡಿದ. "ತಂಗಿಗೆ ಹಾಗೆ ಕೇಳಿತಾ?"

"ಹೌದು."

"ಅವಳ ಕಿವಿ ತಪ್ಪುವುದಿಲ್ಲ ಸಾಯ್ಬ್ರೆ" ಎಂದು ಡೊಂಬಯ್ಯ ಸೊಂಟದ ಚೀಲ ಬಿಚ್ಚಿದರು.

ಮರುವಾರ ಮೂಡಬಿದ್ರೆಯಲ್ಲಿ ಡೊಂಬಯ್ಯ ಒಗೆದ ಅಂಗಿ ಹಾಕಿಕೊಂಡು ಕೂತರು. ವಾರಿಜ ಡಬ್ಬಿಯ ತಿರುಪು ತಿರುಪಿ, ರಸ್ತೆ ದಾಟಿ ಚಪ್ಪಲಿ ಅಂಗಡಿಯ ಕಂಬದ ಮರೆಗೆ ಹೋದಳು. ಮೊದಲ ಸಾಲಿಗೆ ಜನ ತಿರುಗಿ ನೋಡಿದರು. ಎರಡನೆಯ ಸಾಲಿಗೆ ಯಾರೋ ಕಿಸಕ್ಕೆಂದರು.

"ಓ, ಆಡು ಬಂತು ಆಡು! ಹಗ್ಗ ಎಲ್ಲಿ ಮಾರಾಯಾ?" ಎಂದನೊಬ್ಬ ಕಾಲೇಜು ಹುಡುಗ. ಬಸ್ಸಿನ ಕಿಟಕಿಯಿಂದ ಇನ್ನೊಬ್ಬ "ಮ್ಯಾ‌ಆ‌ಆ" ಎಂದ. ಡೊಂಬಯ್ಯನಿಗೆ ನಗುವುದು ಕಾಣುತ್ತಿತ್ತು, ಏಕೆಂದು ಕೇಳುತ್ತಿರಲಿಲ್ಲ. ಅವರೂ ನಕ್ಕು, ಇನ್ನಷ್ಟು ಗಟ್ಟಿಯಾಗಿ ಎಳೆದರು. ನಗು ಇಮ್ಮಡಿಯಾಯಿತು.

"ವಾರಿಜ ಅಲ್ವಾ ನೀನು?"

ಎದೆಗೆ ಪುಸ್ತಕ ಒತ್ತಿಕೊಂಡು ತ್ರಿಪುರಸುಂದರಿ ನಿಂತಿದ್ದಳು. ಶಾಲೆಯಲ್ಲಿ ಒಂದೇ ಬೆಂಚಿನವಳು. "ಇಲ್ಲೆಂತ ಮಾಡ್ತಿದ್ದೀ?"

"ಬಸ್ಸಿಗೆ ಕಾಯ್ತಿದ್ದೇನೆ."

"ಅಪ್ಪನ ಒಟ್ಟಿಗೆ ಹೋಗುವುದಿಲ್ವಾ?" ಅವಳ ಮಾತಿನಲ್ಲಿ ಕೊಂಕೇನೂ ಇರಲಿಲ್ಲ. "ಅವರಿಗೆ ಹುಷಾರಿಲ್ವಾ? ಮೊದಲು ಎಷ್ಟು ಚಂದ ಹಾಡ್ತಿದ್ರು. ಬಸ್ಸಿನಲ್ಲಿ ನಾವೆಲ್ಲ ಹೇಳ್ತೇವೆ, ನಮ್ಮ ವಾರಿಜನ ಅಪ್ಪ ಅಂತ."

ಅವಳು ಹೋದ ಮೇಲೂ ವಾರಿಜ ಕಂಬಕ್ಕೆ ಆನಿಕೊಂಡೇ ಇದ್ದಳು. ಎಲ್ಲರಿಗೂ ಗೊತ್ತಿದ್ದದ್ದನ್ನು ಮುಚ್ಚಲು ಹೋಗಿ ತಾನು ಅಪ್ಪನ ದನಿಯನ್ನು ಆಡಿನ ಕೂಗು ಮಾಡಿದಂತಾಯಿತು. ರಸ್ತೆಯಾಚೆ ಅಪ್ಪ ಹಾಡು ಅರ್ಧಕ್ಕೇ ನಿಲ್ಲಿಸಿದ್ದರು. ಕೈಯಾಡಿಸಿ ಕರೆದರು. "ಸಾಮಾನು ಕಟ್ಟು ಮಗಾ."

ಬಸ್ಸು ವೇಣೂರು ದಾಟಿತು. ಆಮೇಲೆ, "ಪೆಟ್ಟಿಗೆಯದ್ದೇನೂ ತಪ್ಪಿಲ್ಲ. ನೀನು ಸರಿಯಾದ್ದನ್ನೇ ಆರಿಸಿದ್ದಿ" ಎಂದರು. "ಎಂಜಿನ್ನೇ ಹೋದ ಮೇಲೆ ಹೊಸ ಹಾರ್ನು ಹಾಕಿ ಎಂತ ಪ್ರಯೋಜನ? ಸಾಕಿನ್ನು. ನನಗೂ ಬೀಡಿ ಸುರುಟುವುದು ಕಲಿಸು."

ತಮಾಷೆಗೆ ಹೇಳಿದ್ದಾಗಿದ್ದರೆ ಅವಳ ಮುಖ ನೋಡಿ ಹೇಳುತ್ತಿದ್ದರು. ಅವರು ಕಿಟಕಿಯ ಹೊರಗೆ ನೋಡುತ್ತಿದ್ದರು.

ಗುರುವಾಯನಕೆರೆಯಲ್ಲಿ ವಾರಿಜ ಎದ್ದಳು. "ಅಪ್ಪ, ಇಲ್ಲಿ ಇಳಿಯುವ."

ಸಮದನ ಬಾಗಿಲಲ್ಲಿ ನಿಂತು, ಅಪ್ಪ ಬಾಯಿ ತೆರೆಯುವ ಮೊದಲೇ ಕೇಳಿದಳು. "ಆ ದುಬಾಯಿಯದ್ದು ಉಂಟಾ?"

"ಉಂಟಲ್ಲ. ಮೊನ್ನೆ ತಂಗಿಗೆ ಅದು ಹಿಡಿಸಿರಲಿಲ್ಲ?"

"ಹಿಡಿಸಿತ್ತು" ಎಂದಳು ವಾರಿಜ. "ಅದೇ ಒಳ್ಳೇದು ಅಂತ ಆವತ್ತೇ ಗೊತ್ತಿತ್ತು."

ಡೊಂಬಯ್ಯ ತಿರುಗಿ ನೋಡಿದರು. ಒಳಗೆ ಖಾಲಿ ಜಾಗವಿದ್ದರೂ ಮಗಳು ಹೊಸ್ತಿಲಿನಾಚೆ, ಮೂಡಬಿದ್ರೆಯಲ್ಲಿ ನಿಲ್ಲುವಂತೆಯೇ, ಯಾರಿಗೂ ಸೇರದವಳ ಹಾಗೆ ನಿಂತಿದ್ದಳು. ಅವರು ಅವಳ ಮುಖವನ್ನಲ್ಲ, ಅವಳು ನಿಂತ ಜಾಗವನ್ನೇ ಬಹಳ ಹೊತ್ತು ನೋಡಿದರು. ವಾರಿಜಳಿಗೆ ನೆಲ ಬಿರಿಯಬಾರದೇ ಅನಿಸಿತು.

ಸಮದ್ ಡಬ್ಬಿ ವಾಪಸು ತೆಗೆದುಕೊಂಡು, ಮೇಲಿನ ಹಣ ಪಡೆದು, ಹಳದಿ ಪೆಟ್ಟಿಗೆಯನ್ನು ನೆಲದ ಮೇಲಿಟ್ಟು ಮೈಕು ಜೋಡಿಸಿದ. ವಾರಿಜ ಒಳಗೆ ಬಂದು ಕುಕ್ಕರು ಕೂತು ಅದರ ಮೇಲೆ ಕೈಯಿಟ್ಟಳು.

"ನೀವು ಹಾಡಿ ಅಪ್ಪ. ನಾನು ಒತ್ತುತ್ತೇನೆ."

"ಮೂಡಬಿದ್ರೆಯಲ್ಲಿ?"

"ಅಲ್ಲೂ" ಎಂದಳು. ಕಣ್ಣು ಮಾತ್ರ ರಸ್ತೆಯ ಕಡೆ ಹೋಯಿತು.

"ಕೈ ತೆಗಿ ಮಗಾ" ಎಂದರು ಡೊಂಬಯ್ಯ, ಮೆತ್ತಗೆ. ಅವಳು ತೆಗೆದಳು.

"ಸಾಯ್ಬ್ರೆ, ಒಂದು ಚೆಂಬು ನೀರು ಕೊಡ್ತೀರಾ?"

ಕುಡಿಯಲಿಕ್ಕೆಂದುಕೊಂಡು ಸಮದ್ ಕೊಟ್ಟ. ಡೊಂಬಯ್ಯ ಅಂಗಡಿಯ ಮುಂದೆ ನಿಂತು ಬಲಗಾಲನ್ನು ಹಿಮ್ಮಡಿಯಿಂದ ಬೆರಳ ಸಂದಿಯವರೆಗೆ ತಿಕ್ಕಿ ತೊಳೆದರು. ಹೆಗಲ ಬೈರಾಸಿನಿಂದ ಒರೆಸಿದರು. ಸಮದ್ ಏನೋ ತಮಾಷೆ ಮಾಡಲು ಹೊರಟವನು ಅವರ ಮುಖ ನೋಡಿ ಚೆಂಬನ್ನು ವಾಪಸು ತೆಗೆದುಕೊಂಡ. ಅವರು ಒಳಗೆ ಬಂದು, ಬಗ್ಗಿ, ಪೆಟ್ಟಿಗೆಯನ್ನು ಎರಡು ಕೈಯಲ್ಲೂ ಮುಟ್ಟಿ ಕಣ್ಣಿಗೊತ್ತಿಕೊಂಡರು. ತುಟಿ ಅಲುಗಿತು. ಆಮೇಲೆ ಸ್ಟೂಲಿನ ಮೇಲೆ ಕೂತು, ಒಂದು ಸಾಲು ಹಾಡಿ, ತೊಳೆದ ಕಾಲಿನ ಹೆಬ್ಬೆರಳನ್ನು ಅದರ ಮೇಲಿಟ್ಟು ಒತ್ತಿದರು.

ಕೊನೆಯ ಶಬ್ದ ತಿರುಗಿ ಬಂತು, ಮತ್ತೆ ಬಂತು. ಅಪ್ಪ ಅಷ್ಟರಲ್ಲಿ ಉಸಿರು ತುಂಬಿಕೊಂಡರು. ಬಸ್ಸಿಗೆ ನಿಂತಿದ್ದ ಇಬ್ಬರು ಅಂಗಡಿಯೊಳಗೆ ಇಣುಕಿದರು.

ವಾರಿಜ ಗೋಡೆಗೆ ಒತ್ತಿಕೊಂಡು ತನ್ನ ಕೈಯನ್ನೇ ನೋಡುತ್ತಿದ್ದಳು. ತೆಗಿ ಎಂದಾಗ ಅದು ಒಂದು ಕ್ಷಣವೂ ತಡೆದಿರಲಿಲ್ಲ. ತೆಗೆದ ಕೂಡಲೇ ಎದೆ ಹಗುರವಾಗಿಯೂ ಬಿಟ್ಟಿತ್ತು. ಆ ಹಗುರವನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ಅವಳಿಗೆ ತಿಳಿಯಲಿಲ್ಲ. ಅಪ್ಪ ಮುಂದಿನ ಸಾಲು ಎತ್ತಿಕೊಂಡರು.